ಮಗುಚಿಟ್ಟ ತಟ್ಟೆಯ ಮೇಲೊಂದು ದಿಗಂತ

ಸಭಿಕರೇ,

ನನಗಿಂತ ಮುಂಚೆ ಮಾತನಾಡಿದವರು, ಬೆಳಕನ್ನೂ ಬಿಟ್ಟುಕೊಡದ ಕಪ್ಪುಕುಳಿಯಿಂದಲೂ ಸಣ್ಣಗೆ ಶಾಖ ಹೊಮ್ಮುತ್ತದೆ ಎಂದು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೇಳಿದ ವಿಕಿರಣವನ್ನು ಯಾರೂ ಎಂದೂ ಅಳೆಯಲಾರರು ಎಂದು ಅಪ್ಪಣೆ ಕೊಡಿಸಿದರು. ಅರ್ಧ ಸರಿ. ಸೂರ್ಯನಷ್ಟು ತೂಕದ ಕಪ್ಪುಕುಳಿಯ ತಾಪಮಾನ ಒಂದು ಕೆಲ್ವಿನ್ನಿನ (ಪರಮ ಶೂನ್ಯದಿಂದ ಎಣಿಸುವ ಡಿಗ್ರಿ) ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸುತ್ತಲಿನ ಬಾಹ್ಯಾಕಾಶವೇ 2.7 ಕೆಲ್ವಿನ್. ತೇರಿನ ಗದ್ದಲದಲ್ಲಿ ಸೊಳ್ಳೆಯ ಗುಂಯ್‌ಗುಡುವಿಕೆಯನ್ನು ಹುಡುಕಿದಂತೆ. ಮಿಕ್ಕ ಅರ್ಧದ ಬಗ್ಗೆ ನನ್ನ ತಕರಾರಿದೆ: ಆಕಾಶದಲ್ಲಿ ಆಗದ್ದನ್ನು ದ್ರವದಲ್ಲಿ ಅಳೆಯಬಹುದು.

1972ರಲ್ಲಿ ಭೌತವಿಜ್ಞಾನಿ ಬಿಲ್ ಉನ್ರೂ ಆಕ್ಸ್‌ಫರ್ಡಿನಲ್ಲಿ ಕಪ್ಪುಕುಳಿಯನ್ನು ಜಲಪಾತಕ್ಕೆ ಹೋಲಿಸಿದರು. ನೀವು ಜೋಗವನ್ನೇ ನೆನೆಯಿರಿ. ಬೀಳುವ ನೀರಿನ ವೇಗ ಒಂದು ಹಂತದಲ್ಲಿ ಶಬ್ದದ ವೇಗವನ್ನು ದಾಟುತ್ತದೆ ಎಂದುಕೊಳ್ಳಿ. ಅಲ್ಲಿಂದಾಚೆ ಜಾರಿದ ಮೀನು ಎಷ್ಟು ಕೂಗಿದರೂ ಮೇಲಿನ ಮೀನಿಗೆ ಕೇಳದು. ಕಪ್ಪುಕುಳಿಗೂ ಇಂಥ ಮರಳಲಾಗದ ಗಡಿಯಿದೆ, ಅದರ ಹೆಸರು ದಿಗಂತ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಅಷ್ಟು ವೇಗ ಜೋಗಕ್ಕಿಲ್ಲ; ಮಳೆಗಾಲದಲ್ಲೂ ಇಲ್ಲ. ಆದರೆ 1981ರಲ್ಲಿ ಉನ್ರೂ ಲೆಕ್ಕ ಹಾಕಿ ತೋರಿಸಿದರು: ಇಂಥ ಹರಿವಿನಲ್ಲಿ ಶಬ್ದ ನಡೆಯುವ ಸಮೀಕರಣವೂ ಕಪ್ಪುಕುಳಿಯ ಬಳಿ ಅಲೆಗಳು ನಡೆಯುವ ಸಮೀಕರಣವೂ ಒಂದೇ. ಹಾಗಾದರೆ ಹಾಕಿಂಗ್ ಹೇಳಿದ ಶಾಖ ಇಲ್ಲಿಯೂ ಹೊಮ್ಮಬೇಕು, ಶಬ್ದದ ಕಣಗಳಾಗಿ.

ಇದನ್ನು ಓದಿದ ದಿನವೇ ನಾನು ಮನೆಯ ಸಿಂಕಿನಲ್ಲಿ ಸ್ಟೀಲ್ ತಟ್ಟೆಯೊಂದನ್ನು ಮಗುಚಿಟ್ಟು ನಲ್ಲಿಯನ್ನು ಸಣ್ಣಗೆ ಬಿಟ್ಟೆ. ನೀರು ಬಿದ್ದ ಜಾಗದ ಸುತ್ತ ಗಾಜಿನಂತೆ ನುಣುಪಾದ ತೆಳು ಪದರ, ಅದರಾಚೆ ಉಬ್ಬಿದ ಒಂದು ಬಳೆ. ಬಳೆಯೊಳಗೆ ಗುಂಡುಸೂಜಿಯ ತುದಿ ತಾಗಿಸಿದೆ. ಹಿಂದಕ್ಕೆ ಎರಡು ರೆಕ್ಕೆ ಚಾಚಿಕೊಂಡವು, ದೋಣಿಯ ಹಿಂದೆ ಅಲೆ ಸೀಳಿಕೊಂಡಂತೆ. ಅಲ್ಲಿ ನೀರು ಅಲೆಗಿಂತ ವೇಗವಾಗಿ ಓಡುತ್ತಿದೆ. ಸೂಜಿಯನ್ನು ಮೆಲ್ಲಗೆ ಹೊರಕ್ಕೆ ಸರಿಸಿದಂತೆ ರೆಕ್ಕೆಗಳು ಅಗಲವಾಗುತ್ತ ಹೋಗಿ, ಬಳೆಯ ಬಳಿ ಪೂರ್ತಿ ಬಿಚ್ಚಿಕೊಂಡವು. ಅದೇ ದಿಗಂತ! ಹೊರಗಿನ ಅಲೆ ಅದನ್ನು ದಾಟಿ ಒಳಹೋಗಲಾರದು. ಆದ್ದರಿಂದ ಇದು ಕಪ್ಪುಕುಳಿಯ ತಿರುವುಮುರುವು, ಬಿಳಿಕುಳಿ. ಅಷ್ಟರಲ್ಲಿ ನಮ್ಮ ಮನೆಯವರು ಬಂದು, “ತೊಳೆಯುವುದಾದರೆ ತೊಳೆಯಿರಿ, ಇಲ್ಲವೇ ನಲ್ಲಿ ನಿಲ್ಲಿಸಿ” ಎಂದರು. ಫ್ರೆಂಚ್ ಸಂಶೋಧಕರು ಇದೇ ರೆಕ್ಕೆಗಳ ಕೋನವನ್ನು ಸಿಲಿಕೋನ್ ಎಣ್ಣೆಯಲ್ಲಿ ಅಳೆದು 2011ರಲ್ಲಿ ಪ್ರಕಟಿಸಿದರು. ಅವರನ್ನು ಯಾರೂ ಬೈದಿರಲಾರರು.

ಆಟ ಸಾಕು. ಇಸ್ರೇಲಿನ ಹೈಫಾದ ಟೆಕ್ನಿಯನ್ ವಿಶ್ವವಿದ್ಯಾಲಯದಲ್ಲಿ ಜೆಫ್ ಸ್ಟೈನ್‌ಹಾವರ್ ಸುಮಾರು 8000 ರುಬಿಡಿಯಂ ಪರಮಾಣುಗಳನ್ನು ತಣಿಸಿ, ನಮ್ಮ ಬೋಸರ ಹೆಸರು ಹೊತ್ತ, ಪರಮಾಣುಗಳೆಲ್ಲ ಒಂದೇ ಅಲೆಯಂತೆ ನಡೆಯುವ ಆ ವಿಚಿತ್ರ ದ್ರವ್ಯಸ್ಥಿತಿಗೆ ತಂದು, ಶಬ್ದಕ್ಕಿಂತ ವೇಗವಾಗಿ ಹರಿಸಿದರು. 2019ರಲ್ಲಿ ಪ್ರಕಟಿಸಿದ ತಾಪಮಾನ ಹಾಕಿಂಗ್ ಲೆಕ್ಕಕ್ಕೆ ಹೊಂದಿತು. ಮುಂದೆ 124 ದಿನಗಳಲ್ಲಿ 97,000 ಸಲ ಪ್ರಯೋಗ ಮಾಡಿದರು. ಈ ತಾಪಮಾನ ಸೂರ್ಯನಷ್ಟು ತೂಕದ ಕಪ್ಪುಕುಳಿಯದಕ್ಕಿಂತಲೂ ಕಡಿಮೆ. ಆದರೆ ಇಲ್ಲಿ ತೇರಿನ ಗದ್ದಲವನ್ನು ಅಡಗಿಸಬಹುದು.

ಆಕಾಶದ ಕಪ್ಪುಕುಳಿಯೂ ಹೊಳೆಯುತ್ತದೆ ಎಂದು ಇದರಿಂದ ಸಾಬೀತಾಯಿತೇ? ಇಲ್ಲ. ಹಾಗೆಂದು ಬರೆಯುವ ಪತ್ರಿಕೆಗಳನ್ನು ಕಂಡರೆ ನನಗೆ ಸಿಟ್ಟು. ದ್ರವದಲ್ಲಿ ಶಬ್ದದ ದಾರಿ ಬಾಗುತ್ತದೆ, ಸರಿ. ಆದರೆ ಅದನ್ನು ಬಾಗಿಸುವುದು ದ್ರವದ ನಿಯಮ, ಐನ್‌ಸ್ಟೈನರ ಗುರುತ್ವದ ನಿಯಮವಲ್ಲ.

ನನಗೆ ಮುಖ್ಯವಾದದ್ದು ಬೇರೆ. ಹಾಕಿಂಗ್ ಲೆಕ್ಕದಲ್ಲೊಂದು ಮುಜುಗರವಿದೆ. ಹೊರಬಂದ ಅಲೆಯನ್ನು ಹಿಂದಕ್ಕೆ ದಿಗಂತದವರೆಗೆ ಅಟ್ಟಿಕೊಂಡು ಹೋದರೆ ಅದರ ಉದ್ದ ಕುಗ್ಗಿ ಕುಗ್ಗಿ, ದೇಶಕಾಲ (ಜಾಗ, ಸಮಯ ಎರಡೂ ಸೇರಿದ ನೇಯ್ಗೆ) ಹೇಗಿದೆಯೆಂದೇ ನಮಗೆ ತಿಳಿಯದ ಅಳತೆಗೆ ಇಳಿಯುತ್ತದೆ. ದ್ರವದಲ್ಲಾದರೆ ಅಲ್ಲಿ ಏನಿದೆಯೆಂದು ಬಲ್ಲೆವು: ಪರಮಾಣುಗಳಿವೆ, ಅಲ್ಲಿ ಶಬ್ದ ಶಬ್ದವಾಗಿ ಉಳಿಯುವುದಿಲ್ಲ. ಆದರೂ ಶಾಖ ಬಂತು. ಅಲೆಗೆ ಪರಮಾಣುವಿನ ಸುದ್ದಿ ಬೇಕಾಗಲಿಲ್ಲ. ಹಾಗಿದ್ದರೆ ದೇಶಕಾಲವೂ ನಮಗೆ ಕಾಣದ ಏನೋ ಒಂದರ ಹರಿವಾಗಿರಬಾರದೇಕೆ? ಪರಮಾಣುವಿನ ಸುದ್ದಿ ಬೇಕಿಲ್ಲದ ಅಲೆಗಳು ನಾವೂ ಆಗಿರಬಹುದು.

ಅಧ್ಯಕ್ಷರ ಚೀಟಿ ಬಂತು, ಎರಡು ನಿಮಿಷ. ಅತಿ ತಣ್ಣನೆಯ ದ್ರವ ಹೀಲಿಯಂ-3ರಲ್ಲಿ ಇಡೀ ವಿಶ್ವದ ಹೋಲಿಕೆಯನ್ನೇ ಹುಡುಕಿದ ಭೌತವಿಜ್ಞಾನಿ ವೊಲೊವಿಕ್ ಇಂದು ನನ್ನ ಮಾತಿನಿಂದ ಬಿಟ್ಟುಹೋಗುತ್ತಾರೆ. ಆದರೆ ಬೆಂಗಳೂರಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರನ್ನು ಬಿಡಲಾರೆ. ಏನಾದರೂ ತಾಕಿದರೆ ಕಪ್ಪುಕುಳಿ ಗಂಟೆಯಂತೆ ಮಿಡಿದು ಮೆಲ್ಲಗೆ ಸುಮ್ಮನಾಗುತ್ತದೆ ಎಂದು 1970ರಲ್ಲಿ ಅವರು ಹೇಳಿದ್ದನ್ನು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸಂಶೋಧಕರು 2020ರಲ್ಲಿ ನೀರಿನ ಸುಳಿಯಲ್ಲಿ ಕಂಡರು.

ಊಟದ ಕೋಣೆಯ ಪಕ್ಕ ಕೈ ತೊಳೆಯುವ ನಲ್ಲಿಗಳಿವೆ. ತಟ್ಟೆ ನೀವು ತನ್ನಿ, ಗುಂಡುಸೂಜಿ ನನ್ನ ಜೇಬಿನಲ್ಲಿದೆ.