ಸೈ-ಫೈ ಸಿನಿಮಾದಲ್ಲಿ ಫೈಟ್ ಗೊತ್ತಿರುವವರಿಗೇ ಫೈಟ್ ಇಲ್ಲ

2015ರ 'ಸ್ಟಾರ್ ವಾರ್ಸ್: ದಿ ಫೋರ್ಸ್ ಅವೇಕನ್ಸ್' ಬಗ್ಗೆ ನನಗೆ ಇವತ್ತಿಗೂ ಒಂದು ಸಿಟ್ಟಿದೆ. ಕಥೆಯ ಬಗ್ಗೆ ಅಲ್ಲ. ಇಂಡೊನೇಷ್ಯಾದ 'ದಿ ರೇಡ್' ಸಿನಿಮಾಗಳ ಮೂವರನ್ನು ಅದರಲ್ಲಿ ಹಾಕಿಕೊಂಡಿದ್ದರು. ಇಕೊ ಉವೈಸ್, ಯಾಯನ್ ರುಹಿಯನ್, ಚೆಚೆಪ್ ಆರಿಫ್ ರಹಮಾನ್. ಮೂವರೂ ಸಿಲಾಟ್ ಎಂಬ ಅಲ್ಲಿನ ಸಮರಕಲೆ ಕಲಿತವರು. 'ರೇಡ್ 2'ರ ಅಡುಗೆಮನೆ ಫೈಟ್ ನೋಡಿದ್ದೀರಲ್ಲ, ಉವೈಸ್ ಮತ್ತು ಚೆಚೆಪ್ ಇಬ್ಬರೇ, ಅದನ್ನು ನೋಡಿದ ಮೇಲೆ ಮಿಕ್ಕ ಸಿನಿಮಾಗಳ ಹೊಡೆದಾಟ ಸುಮ್ನೆ ತಳ್ಳಾಟದ ಹಾಗೆ ಕಾಣುತ್ತದೆ.

ಸರಿ, ಸ್ಟಾರ್ ವಾರ್ಸ್‌ನಲ್ಲಿ ಇವರು ಏನು ಮಾಡುತ್ತಾರೆ? ಕಥೆಯ ನಾಯಕರಲ್ಲೊಬ್ಬನಾದ ಹಾನ್ ಸೋಲೊನ ಬಾಹ್ಯಾಕಾಶ ಹಡಗಿಗೆ ಬರುತ್ತಾರೆ. ಸಾಲ ವಸೂಲಿಗೆ ನಿಲ್ಲುತ್ತಾರೆ. ಗನ್ ಹಿಡಿಯುತ್ತಾರೆ. ಅಷ್ಟರಲ್ಲಿ ರಾಥ್ಟರ್ ಅನ್ನುವ ಗ್ರಾಫಿಕ್ಸ್ ಪ್ರಾಣಿಗಳು ತಪ್ಪಿಸಿಕೊಂಡು ಬಂದು ಎಲ್ಲರ ಮೇಲೂ ಬೀಳುತ್ತವೆ, ಮುಗಿಯಿತು. ಭೀಮಸೇನ ಜೋಶಿಯವರನ್ನು ಕರೆಸಿ ಮೈಕ್ ಟೆಸ್ಟ್ ಮಾಡಿಸಿ ಕಳಿಸಿದ ಹಾಗಾಯಿತು.

ಸಮಯ ಇರಲಿಲ್ಲ, ಕಥೆಗೆ ಬೇಕಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಕಥೆಗೆ ಬೇಡದಿದ್ದರೆ ಕರೆಸಿದ್ದು ಯಾಕೆ? ನನ್ನ ಪ್ರಕಾರ ಎಡವಟ್ಟು ಶೂಟಿಂಗ್‌ನಲ್ಲಿ ಆಗುವುದಿಲ್ಲ, ಬರೆಯುವಾಗಲೇ ಆಗಿರುತ್ತದೆ. ಸೈ-ಫೈ ಸಿನಿಮಾದಲ್ಲಿ ಫೈಟ್ ಇಡಬೇಕು ಅಂದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಲೇಸರ್ ಗನ್ ಇರುವ ಲೋಕದಲ್ಲಿ ಇವರು ಯಾಕೆ ಕೈಯಲ್ಲಿ ಹೊಡೆದಾಡುತ್ತಿದ್ದಾರೆ? ಇದಕ್ಕೆ ಉತ್ತರ ಇಲ್ಲದೆ ಜಗತ್ತಿನ ಎಂಥ ದೊಡ್ಡ ಫೈಟರನ್ನು ಕರೆತಂದರೂ ಅವನು ಗನ್ ಹಿಡಿದು ಕಾರಿಡಾರ್‌ನಲ್ಲಿ ನಿಲ್ಲಬೇಕಾಗುತ್ತದೆ.

ಈ ಪ್ರಶ್ನೆಗೆ ಚೆಂದದ ಉತ್ತರ ಕೊಟ್ಟವನು ಫ್ರಾಂಕ್ ಹರ್ಬರ್ಟ್, 1965ರ 'ಡ್ಯೂನ್' ಕಾದಂಬರಿಯಲ್ಲಿ. ಅಲ್ಲಿ ಒಬ್ಬೊಬ್ಬರ ಮೈಸುತ್ತಲೂ ಒಂದು ಶೀಲ್ಡ್, ಅಂದರೆ ಕಣ್ಣಿಗೆ ಕಾಣದಂಥ ಕವಚ, ಇರುತ್ತದೆ. ಜೋರಾಗಿ ಬಂದದ್ದನ್ನೆಲ್ಲ ಅದು ತಡೆಯುತ್ತದೆ, ನಿಧಾನವಾಗಿ ಬಂದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಲೇಸರ್ ತಾಗಿದರೆ ದೊಡ್ಡ ಸ್ಫೋಟವೇ ಆಗಬಹುದು. ಹಾಗಾಗಿ ಗುಂಡು ದಂಡ, ಚಾಕುವೇ ಗತಿ. ಅದೂ ಹೇಗೆ? ಮೇಲಿಂದ ಮೇಲೆ ವೇಗವಾಗಿ ಹೊಡೆದು ಎದುರಾಳಿಯ ಗಮನ ತಪ್ಪಿಸಬೇಕು, ಕೊನೇ ಕ್ಷಣದಲ್ಲಿ ಕೈ ನಿಧಾನ ಮಾಡಿ ಚಾಕುವನ್ನು ಒಳಗೆ ತೂರಿಸಬೇಕು. ಒಂದೇ ಒಂದು ನಿಯಮದಿಂದ ಒಂದು ಇಡೀ ಯುದ್ಧವಿದ್ಯೆ ಹುಟ್ಟಿತು, ನೋಡಿ. ಆಮೇಲೆ ಕಥಾನಾಯಕ, ಹುಡುಗ ಪೌಲ್, ಮರುಭೂಮಿಯವನೊಬ್ಬನ ಜೊತೆ ಶೀಲ್ಡ್ ಇಲ್ಲದೆ ಹೋರಾಡಬೇಕಾಗಿ ಬರುತ್ತದೆ. ಅವನ ಕೈಗೆ ಹಳೇ ಅಭ್ಯಾಸ. ಏಟು ಮುಟ್ಟುವ ಹೊತ್ತಿಗೆ ತಾನಾಗಿಯೇ ನಿಧಾನವಾಗುತ್ತದೆ, ಎದುರಾಳಿ ತಪ್ಪಿಸಿಕೊಳ್ಳುತ್ತಾನೆ, ಸುತ್ತ ನಿಂತವರಿಗೆ ಇವನು ಬೇಕಂತಲೇ ಆಟ ಆಡಿಸುತ್ತಿದ್ದಾನೆ ಅನ್ನಿಸುತ್ತದೆ. ಫೈಟ್ ಒಳಗೇ ಕಥೆ ಇದೆ, ಅಲ್ವಾ?

ಈ ಕಾದಂಬರಿಯ 2021ರ ಸಿನಿಮಾದಲ್ಲಿ ಈ ಫೈಟ್‌ಗಳನ್ನು ಮಾಡಿಸಿದ್ದು ರೋಜರ್ ಯುವಾನ್. ಸ್ವತಃ ಮಾರ್ಷಲ್ ಆರ್ಟ್ಸ್ ಬಲ್ಲವರು. ಅದರಲ್ಲಿ ಒಂದು ಸಣ್ಣ ಪಾತ್ರವನ್ನೂ ಮಾಡಿದ್ದಾರೆ. ಶೀಲ್ಡ್ ತಡೆದರೆ ನೀಲಿ, ಚಾಕು ಒಳಗೆ ಹೋದರೆ ಕೆಂಪು. ಯಾರೂ ಭಾಷಣ ಮಾಡದೆ ನಮಗೆ ಅರ್ಥವಾಗುತ್ತದೆ.

ಇನ್ನು 'ಮ್ಯಾಟ್ರಿಕ್ಸ್', 1999. ಇಲ್ಲಿನ ಉತ್ತರ ಇನ್ನೂ ಸುಲಭ. ಲೋಕವೇ ಒಂದು ಪ್ರೋಗ್ರಾಂ, ಕುಂಗ್‌ಫುವನ್ನು ನೇರ ತಲೆಗೆ ತುಂಬಿಸಬಹುದು, ಗುರುತ್ವಾಕರ್ಷಣೆಯನ್ನು ಸ್ವಲ್ಪ ಬಗ್ಗಿಸಬಹುದು. ಹಾಂಕಾಂಗ್ ಸಿನಿಮಾಗಳಲ್ಲಿ ರೋಪ್ ಕಟ್ಟಿ ಹಾರಿಸುವುದು ಹಳೇ ಪದ್ಧತಿ. ಅದೇ ರೋಪ್‌ಗೆ ಇಲ್ಲಿ ಕಥೆಯಲ್ಲೇ ಕಾರಣ ಸಿಕ್ಕಿತು. ಹಾಂಕಾಂಗ್‌ನ ಫೈಟ್ ಮಾಸ್ಟರ್ ಯುವೆನ್ ವೂ-ಪಿಂಗ್ ಅವರಿಗೆ ಮೊದಲು ಈ ಕೆಲಸ ಬೇಡವಾಗಿತ್ತು. ಒಪ್ಪಲಿಕ್ಕಿಲ್ಲ ಎಂದುಕೊಂಡೇ ದೊಡ್ಡ ಸಂಬಳ ಕೇಳಿದರು, ಫೈಟ್ ಪೂರ್ತಿ ನನ್ನ ಕೈಯಲ್ಲಿರಬೇಕು, ನಟರು ಮೊದಲು ನಾಲ್ಕು ತಿಂಗಳು ತರಬೇತಿಗೆ ಬರಬೇಕು ಎಂದರು. ಸಿನಿಮಾದವರು ಒಪ್ಪಿಬಿಟ್ಟರು!

ನಾಯಕ ನಿಯೋ ಪಾತ್ರದ ಕಿಯಾನು ರೀವ್ಸ್‌ಗೆ ಆಗಷ್ಟೇ ಕತ್ತಿನ ಆಪರೇಷನ್ ಆಗಿತ್ತು. ತರಬೇತಿಯ ಶುರುವಿನಲ್ಲಿ ಕಾಲೆತ್ತಿ ಒದೆಯುವ ಹಾಗಿರಲಿಲ್ಲ. ಹಾಗಾಗಿ ನಿಯೋಗೆ ಕೈ ಕೆಲಸ ಜಾಸ್ತಿ ಕೊಟ್ಟರು. ನನಗೆ ಇದು ತುಂಬಾ ಇಷ್ಟ. ಇರುವ ಮೈಯನ್ನು ನೋಡಿ ಫೈಟ್ ಕಟ್ಟುವುದು. ನಾಲ್ಕು ತಿಂಗಳಲ್ಲಿ ಯಾರೂ ಕುಂಗ್‌ಫು ಪಟು ಆಗುವುದಿಲ್ಲ. ಆದರೆ ಕ್ಯಾಮೆರಾವನ್ನು ದೂರ ಇಟ್ಟು, ತಲೆಯಿಂದ ಕಾಲಿನವರೆಗೆ ತೋರಿಸುವಷ್ಟು ಧೈರ್ಯ ಬರುತ್ತದೆ. ಫೈಟ್ ಬಾರದ ನಟ ಇದ್ದಾಗ ಏನು ಮಾಡುತ್ತಾರೆ ಗೊತ್ತಲ್ಲ, ಏಟಿಗೊಂದು ಕಟ್, ಕ್ಯಾಮೆರಾ ಅಲುಗಾಡಿಸುವುದು, ಹಿಂದಿನಿಂದ ಡೂಪ್. ಕೆಟ್ಟದೇನೆಂದರೆ ನಿಜವಾಗಿ ಬರುವವರು ಇದ್ದಾಗಲೂ ಅದೇ ಚಾಳಿ ಮುಂದುವರಿಸುತ್ತಾರೆ.

ಹಾಗಾದರೆ ಕಲಿತವರನ್ನೇ ಹಾಕಿಕೊಳ್ಳುವುದರಿಂದ ಏನು ಲಾಭ? 2001ರ 'ದಿ ಒನ್' ನೋಡಿ. ಸಿನಿಮಾ ಅಷ್ಟಕ್ಕಷ್ಟೆ, ನಾನೇನೂ ಹೊಗಳುವುದಿಲ್ಲ. ಆದರೆ ಜೆಟ್ ಲಿ ಅದರಲ್ಲಿ ಒಬ್ಬನೇ ಮನುಷ್ಯನ ಎರಡು ರೂಪ, ಬೇರೆಬೇರೆ ಲೋಕದಿಂದ ಬಂದವರು. ಕೆಟ್ಟವನಿಗೆ ಶಿಂಗ್‌ಯಿ, ನೇರವಾಗಿ ನುಗ್ಗಿ ಹೊಡೆಯುವ ಪದ್ಧತಿ. ಒಳ್ಳೆಯವನಿಗೆ ಬಾಗುವಾ, ಸುತ್ತುತ್ತ ಸುತ್ತುತ್ತ ನಡೆಯುವ ಪದ್ಧತಿ. ಇಬ್ಬರೂ ಎದುರುಬದುರಾದಾಗ ಮುಖ ನೋಡುವ ಅಗತ್ಯವೇ ಇಲ್ಲ, ಹೆಜ್ಜೆ ನೋಡಿದರೆ ಯಾರು ಯಾರು ಅಂತ ಗೊತ್ತಾಗುತ್ತದೆ. ನಾಲ್ಕು ತಿಂಗಳ ತರಬೇತಿಯಲ್ಲಿ ಇದು ಬರುವ ಮಾತಲ್ಲ.

ಆದರೆ ಇಂಥವರಿಗೆ ಸಿಗುವ ಪಾತ್ರ ಯಾವುವು? ರೇ ಪಾರ್ಕ್ ಅವರನ್ನೇ ತೆಗೆದುಕೊಳ್ಳಿ. ಚೀನಾದ ಸಮರಕಲೆ ವುಶುವಿನ ಪಟು. 1999ರ 'ದಿ ಫ್ಯಾಂಟಮ್ ಮೆನೇಸ್'ನ ಖಳ ಡಾರ್ತ್ ಮೌಲ್, ಎರಡು ಬದಿಯ ಲೈಟ್‌ಸೇಬರ್ (ಬೆಳಕಿನ ಕತ್ತಿ) ತಿರುಗಿಸುವವನು. ಆ ಸಿನಿಮಾದಲ್ಲಿ ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದೇ ಆ ಫೈಟ್. ಮುಖದ ತುಂಬಾ ಬಣ್ಣ, ದನಿ ಬೇರೆಯವರದ್ದು. ಹತ್ತು ವರ್ಷ ಬಿಟ್ಟು 'ಜಿ.ಐ. ಜೋ'ದಲ್ಲಿ ಸ್ನೇಕ್ ಐಸ್. ಅಲ್ಲಿ ಮುಖವೇ ಇಲ್ಲ, ಮಾತೂ ಇಲ್ಲ. ಪಾತ್ರವೇ ಹಾಗಿದೆ ನಿಜ. ಆದರೂ ಕೇಳಬೇಕು ಅನ್ನಿಸುತ್ತದೆ, ಅಷ್ಟು ಚೆನ್ನಾಗಿ ಮೈ ಆಡಿಸುವವನಿಗೆ ನಾಲ್ಕು ಸಾಲು ಮಾತು ಬರೆಯಲು ಏನು ಕಷ್ಟ?

ಹಾಂಕಾಂಗ್‌ನ ಫೈಟರ್-ನಟ ಡಾನಿ ಯೆನ್ ಮಾತ್ರ ಬಿಡಲಿಲ್ಲ. 2016ರ ಸ್ಟಾರ್ ವಾರ್ಸ್ ಸಿನಿಮಾ 'ರೋಗ್ ಒನ್'ಗೆ ಕರೆದಾಗ ಅವರ ಪಾತ್ರಕ್ಕೆ ಶಾಂಗ್ ಅಥವಾ ಚಾಂಗ್ ಎಂದೇನೋ ಹೆಸರಿತ್ತಂತೆ, ಬಟ್ಟೆಯೂ ಅದೇ ಮಾಮೂಲಿ ಕುಂಗ್‌ಫು ಗುರುವಿನ ಕಾಲರ್. ಎರಡನ್ನೂ ಬದಲಿಸಿ ಎಂದರು. ಈ ಪಾತ್ರ ಕುರುಡನಾಗಿರಲಿ ಎಂದು ಸೂಚಿಸಿದ್ದೂ ಅವರೇ. ಆ ಒಂದು ಬದಲಾವಣೆಯಿಂದ ಫೈಟ್ ಬೇರೆಯೇ ಆಯಿತು. ಕೈಯಲ್ಲಿ ಒಂದು ಕೋಲು, ಸುತ್ತ ಹೆಲ್ಮೆಟ್ ಹಾಕಿಕೊಂಡ ಸೈನಿಕರು, ಇವನು ಸದ್ದು ಕೇಳಿಯೇ ಹೊಡೆಯುತ್ತಾನೆ, ಮಧ್ಯೆ ಒಂದು ಜೋಕ್ ಬೇರೆ.

ನಮ್ಮ ಕಡೆ ಬಂದರೆ, ಅದೇ ಯುವೆನ್ ವೂ-ಪಿಂಗ್ 2010ರಲ್ಲಿ ರಜನಿಕಾಂತ್ ಅವರ 'ಎಂದಿರನ್'ಗೂ ಸಾಹಸ ಮಾಡಿದ್ದಾರೆ, ಪೀಟರ್ ಹೇನ್ ಜೊತೆಗೆ. ರೋಬೋಗೆ ನೋವಿಲ್ಲ, ಸುಸ್ತಿಲ್ಲ, ಹಾಗಿರುವವನು ಏಟು ತಪ್ಪಿಸಿಕೊಳ್ಳುವುದೇ ಬೇಕಿಲ್ಲ, ಅಲ್ವಾ? ಎಂಥ ಫೈಟ್ ಕಟ್ಟಬಹುದಿತ್ತು! ಕ್ಲೈಮ್ಯಾಕ್ಸ್‌ಗೆ ಬರುವಷ್ಟರಲ್ಲಿ ನೂರಾರು ರೋಬೋಗಳು ಸೇರಿ ಚೆಂಡಾಗಿ, ಹಾವಾಗಿ, ಪೂರ್ತಿ ಗ್ರಾಫಿಕ್ಸ್. ಥಿಯೇಟರ್‌ನಲ್ಲಿ ಶಿಳ್ಳೆ ನಾನೂ ಹೊಡೆದೆ, ಆ ಮಾತು ಬೇರೆ.

ಗ್ರಾಫಿಕ್ಸ್ ಎಂದಾಗ ನೆನಪಾಯಿತು. 2003ರ 'ಮ್ಯಾಟ್ರಿಕ್ಸ್' ಮುಂದಿನ ಭಾಗದಲ್ಲಿ ಸೆರಾಫ್ ಎಂಬ ಪಾತ್ರಕ್ಕೆ ಜೆಟ್ ಲಿಯವರನ್ನು ಕೇಳಿದ್ದರು. ಅವರು ಆಗಲ್ಲ ಎಂದರು. ಯಾಕೆ ಎಂದು 2018ರಲ್ಲಿ ಅವರೇ ಹೇಳಿದ್ದಾರೆ. ಮೂರು ತಿಂಗಳ ಶೂಟಿಂಗ್, ಇನ್ನು ಆರು ತಿಂಗಳು ಅವರ ಪಟ್ಟುಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ದಾಖಲಿಸಿಕೊಳ್ಳುವುದು, ಕೊನೆಗೆ ಆ ಪಟ್ಟುಗಳ ಹಕ್ಕು ಸಿನಿಮಾದವರದ್ದು. ನನಗೆ ವಯಸ್ಸಾಗುತ್ತಾ ಹೋಗುತ್ತದೆ, ನನ್ನ ಪಟ್ಟುಗಳು ಮಾತ್ರ ಶಾಶ್ವತವಾಗಿ ಅವರ ಆಸ್ತಿ ಎನ್ನುವುದು ಅವರ ವಾದ. ಆ ಪಾತ್ರ ಕಾಲಿನ್ ಚೌ ಮಾಡಿದರು. ಅದೇ ಸಿನಿಮಾದಲ್ಲಿ ನಿಯೋ ಖಳ ಸ್ಮಿತ್‌ನ ಸಾಲುಸಾಲು ನಕಲುಗಳ ಜೊತೆ ಹೊಡೆದಾಡುವ ಸೀನ್ ಇದೆಯಲ್ಲ, ಮಧ್ಯದಲ್ಲಿ ನಿಜವಾದ ನಟ ಹೋಗಿ ಗ್ರಾಫಿಕ್ಸ್ ನಿಯೋ ಬರುತ್ತಾನೆ. ಇವತ್ತು ಇನ್ನೊಮ್ಮೆ ಹಾಕಿ ನೋಡಿ. ಯಾವ ಸೆಕೆಂಡಿನಲ್ಲಿ ಬದಲಾಯಿತು ಎಂದು ನೀವೇ ಬೆರಳಿಟ್ಟು ತೋರಿಸುತ್ತೀರಿ.