ಏಳು ವರ್ಷ ಗಾಯವಾಗದ ರಿಗ್‌ನಲ್ಲಿ ಹನ್ನೊಂದು ಸಾವು

[ದೃಶ್ಯ: ರಾತ್ರಿಯ ಸಮುದ್ರ. ದೂರದಲ್ಲಿ ದೀಪ ಹೊತ್ತಿಸಿಕೊಂಡು ನಿಂತ ರಿಗ್.]

2010ರ ಏಪ್ರಿಲ್ 20, ಮಂಗಳವಾರ. ಅಮೆರಿಕದ ಲೂಯಿಸಿಯಾನಾ ತೀರದಿಂದ ಎಪ್ಪತ್ತು-ಎಂಬತ್ತು ಕಿಲೋಮೀಟರ್ ಆಚೆ, ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಝನ್ ಅನ್ನೋ ರಿಗ್, ಅಂದ್ರೆ ಸಮುದ್ರದಡಿ ಎಣ್ಣೆ ಬಾವಿ ಕೊರೆಯೋ ತೇಲುವ ಕಟ್ಟೆ. ಆವತ್ತು ಹೆಲಿಕಾಪ್ಟರ್‌ನಲ್ಲಿ ನಾಲ್ವರು ಹಿರಿಯ ಅಧಿಕಾರಿಗಳು ಬಂದಿಳಿದಿದ್ದರು. ಇಬ್ಬರು ಬಾವಿಯ ಒಡೆಯ, ಬ್ರಿಟನ್ನಿನ ಎಣ್ಣೆ ಕಂಪನಿ ಬಿಪಿಯವರು, ಇನ್ನಿಬ್ಬರು ರಿಗ್‌ನ ಒಡೆಯ ಟ್ರಾನ್ಸ್‌ಓಷನ್‌ನವರು. ಆ ರಿಗ್‌ನಲ್ಲಿ ಏಳು ವರ್ಷದಿಂದ ಒಬ್ಬ ಕೆಲಸಗಾರನೂ ಗಾಯವಾಗಿ ಕೆಲಸ ತಪ್ಪಿಸಿರಲಿಲ್ಲ. ಅದಕ್ಕೆ ಶಹಬ್ಬಾಸ್ ಹೇಳೋದೂ ಅವರು ಬಂದ ಕಾರಣಗಳಲ್ಲಿ ಒಂದಾಗಿತ್ತು.

ರಾತ್ರಿ 9 ಗಂಟೆ 49 ನಿಮಿಷಕ್ಕೆ ರಿಗ್ ಸ್ಫೋಟಿಸಿತು. ಮೇಲೆ 126 ಜನ ಇದ್ದರು. 11 ಜನ ಸತ್ತರು. ಎರಡು ದಿನ ಉರಿದು ರಿಗ್ ಮುಳುಗಿತು. ಬಾವಿಯ ಬಾಯಿ ಮುಚ್ಚೋಕೆ 87 ದಿನ ಬೇಕಾಯ್ತು.

ಏಳು ವರ್ಷದ ಆ ದಾಖಲೆ ಸುಳ್ಳಾಗಿರಲಿಲ್ಲ, ನಿಜವೇ. ಹಾಗಾದರೆ ಅಷ್ಟು ಸುರಕ್ಷಿತ ಅನ್ನಿಸಿಕೊಂಡ ಜಾಗದಲ್ಲಿ ಇದು ಹೇಗಾಯ್ತು? ಕಂಪನಿಗಳು ಯಾವುದನ್ನು ಸುರಕ್ಷತೆ ಅಂತ ಎಣಿಸುತ್ತಿದ್ದವು, ಯಾವುದನ್ನು ಎಣಿಸುತ್ತಿರಲಿಲ್ಲ? ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆ.

[ದೃಶ್ಯ: ಬೋರ್‌ವೆಲ್ ಲಾರಿ, ಕೇಸಿಂಗ್ ಪೈಪ್ ಇಳಿಸುತ್ತಿರುವ ಕೈಗಳು. ಅಲ್ಲಿಂದ ಸಮುದ್ರದಡಿಯ ಬಾವಿಯ ಚಿತ್ರ.]

ಬೋರ್ ಕೊರೆಸೋದನ್ನು ನೀವೆಲ್ಲ ನೋಡಿರುತ್ತೀರಿ. ಕೋಲಾರದ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗಲ್ಲ. ಅಲ್ಲಿ ನಮ್ಮ ಆಸೆ ಒಂದೇ, ಕೆಳಗಿರೋದು ಮೇಲೆ ಬರಲಿ ಅಂತ. ಎಣ್ಣೆ ಬಾವಿಯಲ್ಲಿ ಇದು ಉಲ್ಟಾ. ಕೊರೆಯೋವಾಗ ಕೆಳಗಿರೋದು ತಾನಾಗಿ ಮೇಲೆ ಬರಲೇಬಾರದು. ಈ ಬಾವಿಯ ಹೆಸರು ಮಕಾಂಡೋ. ರಿಗ್‌ನಿಂದ ಸುಮಾರು 5,000 ಅಡಿ ನೀರು, ಅದರ ಕೆಳಗೆ ಇನ್ನೂ 13,000 ಅಡಿ ನೆಲ. ಅಷ್ಟು ಆಳದಲ್ಲಿ ಎಣ್ಣೆ ಮತ್ತು ಗ್ಯಾಸ್ ಭಯಂಕರ ಒತ್ತಡದಲ್ಲಿ ಕೂತಿರುತ್ತವೆ. ಅವನ್ನು ಅಲ್ಲೇ ಅದುಮಿ ಹಿಡಿಯೋಕೆ ಬಾವಿಯ ತುಂಬ ಒಂದು ಭಾರದ ದ್ರವ ತುಂಬಿಸುತ್ತಾರೆ. ರಿಗ್‌ನವರು ಅದಕ್ಕೆ ಹೇಳೋದು ಮಡ್ ಅಂತ. ಇದು ನೀರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಕ. ಕೊರೆಯೋದು ಮುಗಿದ ಮೇಲೆ ತಳದಲ್ಲಿ ಸಿಮೆಂಟ್ ಹಾಕಿ ಬಾವಿ ಮುಚ್ಚಬೇಕು, ಆಮೇಲೆ ಮಡ್ ತೆಗೆದು ರಿಗ್ ಬೇರೆ ಕಡೆ ಹೊರಡಬೇಕು. ಸಿಮೆಂಟ್ ಗಟ್ಟಿಯಾಗಿ ಕೂತಿಲ್ಲದೆ ಮಡ್ ತೆಗೆದರೆ, ಕುಕ್ಕರ್ ಆರುವ ಮುಂಚೆ ಮುಚ್ಚಳ ಎಳೆದ ಹಾಗೆ.

ಏಪ್ರಿಲ್ 20ರ ಹೊತ್ತಿಗೆ ಈ ಕೆಲಸ ನಿಗದಿಗಿಂತ ಆರು ವಾರ ಹಿಂದೆ ಬಿದ್ದಿತ್ತು. ರಿಗ್‌ನ ಬಾಡಿಗೆಯೇ ದಿನಕ್ಕೆ ಸುಮಾರು 5 ಲಕ್ಷ ಡಾಲರ್. ಈ ಲೆಕ್ಕ ಅಲ್ಲಿದ್ದ ಪ್ರತಿಯೊಬ್ಬರ ತಲೆಯಲ್ಲೂ ಇತ್ತು.

ಸಿಮೆಂಟ್ ಪೈಪಿನ ಸುತ್ತ ಸಮನಾಗಿ ಹರಡಬೇಕಾದರೆ ಪೈಪ್ ಬಾವಿಯ ನಡುಮಧ್ಯೆ ನಿಂತಿರಬೇಕು. ಅದಕ್ಕೆ ಸೆಂಟ್ರಲೈಸರ್ ಅನ್ನೋ ಬಳೆಯಂಥ ಸಾಧನ ಹಾಕುತ್ತಾರೆ. ಸಿಮೆಂಟ್ ಕೆಲಸದ ಗುತ್ತಿಗೆ ಹಾಲಿಬರ್ಟನ್ ಕಂಪನಿಯದು. ಅವರ ಕಂಪ್ಯೂಟರ್ ಲೆಕ್ಕದ ಪ್ರಕಾರ 21 ಬೇಕಿತ್ತು. ಬಿಪಿ ಹಾಕಿದ್ದು 6. ಇನ್ನೂ 15 ತರಿಸಿದ್ದರು, ಆದರೆ ಅವು ಸರಿಯಾದ ಮಾದರಿಯವಲ್ಲ ಅಂದುಕೊಂಡು ಬಳಸಲಿಲ್ಲ. ಇದೊಂದರಿಂದಲೇ ಅಪಘಾತ ಆಯ್ತು ಅಂತ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ತನಿಖಾ ಆಯೋಗ ಹೇಳಿಲ್ಲ, ನಾನೂ ಹೇಳಲ್ಲ. ಆದರೆ ಆ ಸಿಮೆಂಟ್ ಮಿಶ್ರಣ ಗಟ್ಟಿ ನಿಲ್ಲೋದು ಅನುಮಾನ ಅಂತ ಹಾಲಿಬರ್ಟನ್‌ನ ಪ್ರಯೋಗಾಲಯದ ಪರೀಕ್ಷೆಗಳೇ ಫೆಬ್ರವರಿಯಲ್ಲಿ ಸೂಚಿಸಿದ್ದವು. ಸಿಮೆಂಟ್ ಹಾಕಿದ ಮೇಲೆ ಅದು ಸರಿಯಾಗಿ ಕೂತಿದೆಯಾ ಅಂತ ನೋಡೋಕೆ ಇನ್ನೊಂದು ಕಂಪನಿಯ ತಂಡ ರಿಗ್‌ಗೇ ಬಂದು ಕಾಯುತ್ತಿತ್ತು. ಏಪ್ರಿಲ್ 20ರ ಬೆಳಿಗ್ಗೆ ಪರೀಕ್ಷೆ ಬೇಡ ಅಂತ ಅವರನ್ನು ಹೆಲಿಕಾಪ್ಟರ್ ಹತ್ತಿಸಿ ವಾಪಸ್ ಕಳಿಸಿದರು. ಸುಮಾರು ಅರ್ಧ ದಿನ ಉಳಿಯಿತು, ಒಂದು ಲಕ್ಷ ಡಾಲರ್‌ಗಿಂತ ಸ್ವಲ್ಪ ಹೆಚ್ಚು ಉಳಿಯಿತು.

ಇನ್ನು ಸಂಜೆಯ ಪರೀಕ್ಷೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

[ದೃಶ್ಯ: ಎರಡು ಒತ್ತಡದ ಮಾಪಕಗಳು, ಅಕ್ಕಪಕ್ಕ.]

ಮಡ್‌ನ ಭಾರವನ್ನು ಸ್ವಲ್ಪ ಇಳಿಸಿ, ಕೆಳಗಿನಿಂದ ಏನಾದರೂ ಒತ್ತುತ್ತಾ ಅಂತ ನೋಡೋದೇ ಈ ಪರೀಕ್ಷೆ. ಸಿಮೆಂಟ್ ಹಿಡಿದಿದ್ದರೆ ಒತ್ತಡ ಸೊನ್ನೆಗೆ ಇಳಿದು ಅಲ್ಲೇ ನಿಲ್ಲಬೇಕು. ಆವತ್ತು ಇಳಿಸಿದಾಗಲೆಲ್ಲ ಮತ್ತೆ ಏರಿತು. ಕೊರೆಯುವ ಪೈಪಿನ ಮಾಪಕ 1,400 ಪಿಎಸ್‌ಐ ತೋರಿಸಿತು. ನಿಮ್ಮ ಕಾರಿನ ಟಯರಿನಲ್ಲಿರೋದು ಮೂವತ್ತು ಚಿಲ್ಲರೆ. ಅದೇ ಬಾವಿಗೆ ಸೇರಿದ ಇನ್ನೊಂದು ಸಣ್ಣ ಪೈಪಿನ ಮಾಪಕ ಮಾತ್ರ ಸೊನ್ನೆ. ಎರಡೂ ಒಂದೇ ಬಾವಿಗೆ ಇಳಿದಿರೋವಾಗ ಎರಡರಲ್ಲೂ ಒಂದೇ ಅಂಕಿ ಬರಬೇಕು. ಬರಲಿಲ್ಲ ಅಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ.

ಡ್ರಿಲ್ಲರ್ ಕೋಣೆಯಲ್ಲಿ ಚರ್ಚೆಯಾಯ್ತು. ಅದು ಪಾಳಿ ಬದಲಾಗುವ ಹೊತ್ತು. ಬಂದಿದ್ದ ಅಧಿಕಾರಿಗಳೂ ಆ ಕೋಣೆಗೆ ಬಂದು ಹೋದರು. ಮೇಲಿನ ಮಡ್ ರಬ್ಬರ್ ಸೀಲನ್ನು ಒತ್ತುತ್ತಿರೋದರಿಂದ ಹೀಗೆ ತೋರಿಸುತ್ತಿದೆ ಅಂತ ಒಬ್ಬರು ವಿವರಣೆ ಕೊಟ್ಟರು. ‘ಬ್ಲ್ಯಾಡರ್ ಎಫೆಕ್ಟ್’ ಅಂತ ಅದಕ್ಕೊಂದು ಹೆಸರೂ ಇತ್ತು. ಅಂಥ ಪರಿಣಾಮ ಈ ಅಂಕಿಯನ್ನು ವಿವರಿಸಲಾರದು ಅಂತ ಆಮೇಲೆ ತನಿಖೆ ಮಾಡಿದ ತಜ್ಞರು ಹೇಳಿದರು. ಆದರೆ ಆ ಸಂಜೆ ಎಲ್ಲರೂ ಸೊನ್ನೆ ತೋರಿಸಿದ ಮಾಪಕವನ್ನು ನಂಬಿದರು, 1,400 ತೋರಿಸಿದ್ದನ್ನು ಬಿಟ್ಟರು. ರಾತ್ರಿ ಎಂಟಕ್ಕೆ ಪರೀಕ್ಷೆ ಪಾಸ್ ಅಂತ ಬರೆದು ಮಡ್ ತೆಗೆಯೋಕೆ ಶುರು ಮಾಡಿದರು.

ಆಯೋಗದ ವರದಿ ಓದುತ್ತಾ ನಾನು ಇಲ್ಲಿ ತುಂಬ ಹೊತ್ತು ನಿಂತುಬಿಟ್ಟೆ. ಈ ಪರೀಕ್ಷೆ ಹೇಗೆ ಮಾಡಬೇಕು, ಎಷ್ಟು ಬಂದರೆ ಪಾಸು, ಅನುಮಾನ ಬಂದರೆ ದಡದಲ್ಲಿರುವ ಎಂಜಿನಿಯರ್‌ಗೆ ಫೋನ್ ಮಾಡಬೇಕಾ ಅನ್ನೋದಕ್ಕೆ ಬಿಪಿಯಲ್ಲಾಗಲೀ ಟ್ರಾನ್ಸ್‌ಓಷನ್‌ನಲ್ಲಾಗಲೀ ಸರಿಯಾದ ಲಿಖಿತ ಕ್ರಮವೇ ಇರಲಿಲ್ಲ. ಸರ್ಕಾರದ ನಿಯಮವೂ ಇರಲಿಲ್ಲ. ನೂರಾರು ಕೋಟಿಯ ಬಾವಿಯ ಅತಿ ಮುಖ್ಯ ಪರೀಕ್ಷೆಯನ್ನು ದಣಿದ ಕೆಲಸಗಾರರ ಊಹೆಗೆ ಬಿಟ್ಟಿದ್ದರು.

ಒಂಬತ್ತು ಮುಕ್ಕಾಲಿನ ಹೊತ್ತಿಗೆ ಮಡ್ ರಿಗ್‌ನ ನೆಲಕ್ಕೆ ಉಕ್ಕಿತು. ಪಕ್ಕದಲ್ಲೇ ನಿಂತಿದ್ದ ಡೇಮನ್ ಬ್ಯಾಂಕ್‌ಸ್ಟನ್ ಅನ್ನೋ ಸರಕು ಹಡಗಿನ ಮೇಲೂ ಮಳೆಯಂತೆ ಸುರಿಯಿತು. ಹಿಂದೆಯೇ ಗ್ಯಾಸ್ ಬಂತು. ಅದನ್ನು ಸಮುದ್ರದ ಕಡೆಗೆ ತಿರುಗಿಸುವ ದೊಡ್ಡ ಕೊಳವೆ ಇತ್ತು, ಆದರೆ ರಿಗ್‌ನ ಮೇಲಕ್ಕೇ ಗ್ಯಾಸ್ ಬಿಡುವ ಸಣ್ಣ ಯಂತ್ರದ ಕಡೆ ತಿರುಗಿಸಿದ್ದರು. ನಡುರಾತ್ರಿ ಸುಳ್ಳು ಅಲಾರಂ ಹೊಡೆದು ಜನರ ನಿದ್ದೆ ಕೆಡಬಾರದು ಅಂತ ಅಲಾರಂನ ಸ್ವಯಂಚಾಲಿತ ವ್ಯವಸ್ಥೆಯನ್ನೇ ತಡೆದಿಟ್ಟಿದ್ದರು ಅಂತ ರಿಗ್‌ನ ತಂತ್ರಜ್ಞರೊಬ್ಬರು ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು. ಸಮುದ್ರದ ತಳದಲ್ಲಿ, ಬಾವಿಯ ಬಾಯಿಯ ಮೇಲೆ, ಐದು ಮಹಡಿ ಎತ್ತರದ ಬ್ಲೋಔಟ್ ಪ್ರಿವೆಂಟರ್ ಇತ್ತು. ಪೈಪನ್ನು ಕತ್ತರಿಸಿ ಬಾವಿ ಮುಚ್ಚುವ ಕೊನೆಯ ಬೀಗ ಅದು. ಪೈಪ್ ಬಾಗಿ ಪಕ್ಕಕ್ಕೆ ಸರಿದಿದ್ದರಿಂದ ಕತ್ತರಿ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಅದರ ಒಂದು ನಿಯಂತ್ರಣ ಪೆಟ್ಟಿಗೆಯ ವೈರಿಂಗ್ ತಪ್ಪಾಗಿತ್ತು, ಇನ್ನೊಂದರ ಬ್ಯಾಟರಿಯಲ್ಲಿ ಶಕ್ತಿ ಇರಲಿಲ್ಲ.

[ದೃಶ್ಯ: ಉರಿಯುವ ರಿಗ್. ಕೆಳಗೆ ನೀರಿನಲ್ಲಿ ರಬ್ಬರ್ ತೆಪ್ಪ.]

ಕೊನೆಯಲ್ಲಿ ಇಳಿದ ತೆಪ್ಪದಲ್ಲಿದ್ದವರಿಗೆ ಇನ್ನೊಂದು ಕಷ್ಟ ಕಾದಿತ್ತು. ಹಗ್ಗದ ಒಂದು ತುದಿ ಉರಿಯುತ್ತಿದ್ದ ರಿಗ್‌ಗೆ ಕಟ್ಟಿತ್ತು. ಕತ್ತರಿಸೋಕೆ ಒಬ್ಬರ ಹತ್ತಿರವೂ ಚಾಕು ಇಲ್ಲ. ಯಾಕಂದ್ರೆ ಕೈ ಕುಯ್ದುಕೊಂಡಾರು ಅಂತ ರಿಗ್‌ನಲ್ಲಿ ಜೇಬುಚಾಕು ನಿಷೇಧಿಸಿದ್ದರು. ರಿಗ್‌ನ ಕ್ಯಾಪ್ಟನ್ ನೀರಿನಲ್ಲಿ ಈಜಿ, ಬ್ಯಾಂಕ್‌ಸ್ಟನ್‌ನಿಂದ ಬಂದ ಸಣ್ಣ ದೋಣಿ ತಲುಪಿ, ಅಲ್ಲಿಂದ ಚಾಕು ತಂದು ಹಗ್ಗ ಕತ್ತರಿಸಿದ ಮೇಲೆ ಆ ಜನ ಪಾರಾದರು.

ಇವರು ಎಣಿಸುತ್ತಿದ್ದ ಸುರಕ್ಷತೆ ಇಂಥದ್ದು. ಜಾರಿ ಬಿದ್ದವರೆಷ್ಟು, ಬೆರಳು ಕುಯ್ದುಕೊಂಡವರೆಷ್ಟು. ಅದೂ ಬೇಕು, ಬೇಡ ಅಂತಲ್ಲ. ಆದರೆ ಸಿಮೆಂಟಿನ ಪರೀಕ್ಷೆ, ಬ್ಯಾಟರಿ, ಅಲಾರಂ ಆ ಲೆಕ್ಕದೊಳಗೆ ಬರುತ್ತಲೇ ಇರಲಿಲ್ಲ. ಬಿಪಿಗೆ ಇದು ಹೊಸ ಮಾತೂ ಅಲ್ಲ. 2005ರಲ್ಲಿ ಟೆಕ್ಸಸ್ ಸಿಟಿಯ ಅವರ ರಿಫೈನರಿ ಸ್ಫೋಟಿಸಿ 15 ಜನ ಸತ್ತಿದ್ದರು. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅಧ್ಯಕ್ಷತೆಯ ಸಮಿತಿ 2007ರ ಜನವರಿಯಲ್ಲಿ ಕೊಟ್ಟ ವರದಿ ಇದನ್ನೇ ಹೇಳಿತ್ತು: ನೀವು ವೈಯಕ್ತಿಕ ಗಾಯಗಳ ಅಂಕಿ ನೋಡಿ, ಇಡೀ ಘಟಕವೇ ಸುರಕ್ಷಿತ ಅಂದುಕೊಳ್ಳುತ್ತಿದ್ದೀರಿ. ಮೂರು ವರ್ಷ ಕಳೆದ ಮೇಲೆ ಮಕಾಂಡೋ.

ಸರ್ಕಾರದ ಕಡೆ? ಖನಿಜ ನಿರ್ವಹಣಾ ಸೇವೆ ಅನ್ನೋ ಒಂದೇ ಇಲಾಖೆ ಕಂಪನಿಗಳಿಂದ ಕೋಟಿಗಟ್ಟಲೆ ರಾಯಧನ ವಸೂಲಿ ಮಾಡುತ್ತಿತ್ತು, ಅದೇ ಕಂಪನಿಗಳ ಸುರಕ್ಷತೆಯನ್ನೂ ನೋಡಿಕೊಳ್ಳುತ್ತಿತ್ತು. ದುರಂತದ ಮೇಲೆ ಅದನ್ನು ಒಡೆದು ಬೇರೆ ಬೇರೆ ಸಂಸ್ಥೆ ಮಾಡಿದರು. ಎಣ್ಣೆ ಸೋರಿದರೆ ಏನು ಮಾಡುತ್ತೇವೆ ಅಂತ ಬಿಪಿ ಕೊಟ್ಟಿದ್ದ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದೂ ಈ ಇಲಾಖೆಯೇ. ಮೆಕ್ಸಿಕೋ ಕೊಲ್ಲಿಯಲ್ಲಿ ರಕ್ಷಿಸಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ವಾಲ್ರಸ್ ಹೆಸರಿತ್ತು. ಅದು ಉತ್ತರಧ್ರುವದ ಪ್ರಾಣಿ. ಸಂಪರ್ಕಿಸಬೇಕಾದ ತಜ್ಞರ ಪಟ್ಟಿಯಲ್ಲಿದ್ದ ಒಬ್ಬರು 2005ರಲ್ಲೇ ತೀರಿಕೊಂಡಿದ್ದರು.

[ದೃಶ್ಯ: ದಡದಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ ಸಿಗಡಿ ದೋಣಿಗಳು.]

ಈಗ ದಡಕ್ಕೆ ಬರೋಣ. ದಿನಕ್ಕೆ 1,000 ಬ್ಯಾರೆಲ್ ಸೋರುತ್ತಿದೆ ಅಂದರು, ಆಮೇಲೆ 5,000 ಅಂದರು. ಕೊನೆಗೆ ಸರ್ಕಾರದ ವಿಜ್ಞಾನಿಗಳ ಲೆಕ್ಕದಲ್ಲಿ ಶುರುವಿನ ದಿನಗಳಲ್ಲಿ ಹೊರಬಂದಿದ್ದು ದಿನಕ್ಕೆ ಸುಮಾರು 62,000 ಬ್ಯಾರೆಲ್. ಎಣ್ಣೆ ಒಡೆಯೋಕೆ ಸುಮಾರು 70 ಲಕ್ಷ ಲೀಟರ್ ರಾಸಾಯನಿಕ ಸುರಿದರು. ಜೂನ್ ಆರಂಭದ ಹೊತ್ತಿಗೆ 2 ಲಕ್ಷದ 29 ಸಾವಿರ ಚದರ ಕಿಲೋಮೀಟರ್ ಸಮುದ್ರದಲ್ಲಿ ಮೀನುಗಾರಿಕೆ ನಿಷೇಧ. ಇಡೀ ಕರ್ನಾಟಕಕ್ಕಿಂತ ದೊಡ್ಡ ಜಾಗ ಅದು.

ಅದೂ ಸಿಗಡಿ ಹಂಗಾಮು ಶುರುವಾಗುವ ಹೊತ್ತಿನಲ್ಲಿ. ಮಲ್ಪೆಯಲ್ಲೋ ಮಂಗಳೂರಿನಲ್ಲೋ ಈ ವಿಡಿಯೋ ನೋಡುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದ 61 ದಿನದ ಮೀನುಗಾರಿಕೆ ನಿಷೇಧ ಮುಗಿದು ಬೋಟ್ ಇಳಿಸೋ ಹೊತ್ತಿಗೆ ಬಲೆ, ಡೀಸೆಲ್, ಐಸ್ ಅಂತ ಕೈ ಖಾಲಿಯಾಗಿರುತ್ತೆ. ಆಗಲೇ ಸಮುದ್ರ ಮುಚ್ಚಿದೆ ಅಂದ್ರೆ?

ಅಲ್ಲಿನ ಸಿಗಡಿ ಮೀನುಗಾರರಲ್ಲಿ ಬಹಳ ಜನ ವಿಯೆಟ್ನಾಂನವರು. 1975ರ ನಂತರ ಯುದ್ಧದಿಂದ ನಿರಾಶ್ರಿತರಾಗಿ ಬಂದು ಈ ಕೊಲ್ಲಿಯಲ್ಲಿ ಬದುಕು ಕಟ್ಟಿಕೊಂಡವರು. ಪರಿಹಾರದ ಅರ್ಜಿ ಇಂಗ್ಲಿಷಿನಲ್ಲಿ, ಶುರುವಿನಲ್ಲಿ ಭಾಷೆ ಬಲ್ಲವರ ನೆರವೂ ಸಾಲದು. ಆದಾಯಕ್ಕೆ ದಾಖಲೆ ಕೊಡಿ ಅಂದರು. ದಡದಲ್ಲಿ ನಗದಿಗೆ ಮಾರುವವರು, ದೋಣಿಯಲ್ಲಿ ಪಾಲಿನ ಮೇಲೆ ದುಡಿಯುವವರು ಯಾವ ದಾಖಲೆ ತರುತ್ತಾರೆ? ಹಿಡಿದು ತಂದ ಮೀನಿನಲ್ಲಿ ಮನೆಗೂ ನೆಂಟರಿಗೂ ಹಂಚುತ್ತಿದ್ದರಲ್ಲ, ಅದಕ್ಕಂತೂ ರಸೀದಿಯೇ ಇಲ್ಲ.

ಎಷ್ಟೋ ಮೀನುಗಾರರು ಅದೇ ದೋಣಿಯನ್ನು ಬಿಪಿಗೇ ಬಾಡಿಗೆಗೆ ಕೊಟ್ಟು ಎಣ್ಣೆ ಬಳಿಯೋಕೆ ಹೋದರು. ಸ್ವಚ್ಛತಾ ಕೆಲಸ ಮಾಡಿದ ಸುಮಾರು 33,000 ಜನರನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅಧ್ಯಯನಕ್ಕೆ ಸೇರಿಸಿಕೊಂಡು, ಅವರಲ್ಲಿ ಉಸಿರಾಟದ ತೊಂದರೆಗಳನ್ನು ದಾಖಲಿಸಿದೆ. ಎಣ್ಣೆಯನ್ನು ದಡದಿಂದ ದೂರ ತಳ್ಳಬೇಕು ಅಂತ ಲೂಯಿಸಿಯಾನಾ ಸರ್ಕಾರ ಮಿಸಿಸಿಪ್ಪಿ ನದಿಯ ಸಿಹಿನೀರು ಬಿಟ್ಟಿತು. ಉಪ್ಪು ಕಡಿಮೆಯಾಗಿ ಆಯಿಸ್ಟರ್ ಚಿಪ್ಪುಗಳು ಸತ್ತವು. ಆಳ ಸಮುದ್ರದಲ್ಲಿ ಕೊರೆಯೋದನ್ನು ಅಕ್ಟೋಬರ್‌ವರೆಗೆ ನಿಲ್ಲಿಸಿದ್ದರಿಂದ ಬೇರೆ ರಿಗ್‌ಗಳ ಕೆಲಸಗಾರರಿಗೂ ಪೆಟ್ಟು ಬಿತ್ತು. ಲೂಯಿಸಿಯಾನಾದ ಬರಟೇರಿಯಾ ಕೊಲ್ಲಿಯ ಡಾಲ್ಫಿನ್‌ಗಳಲ್ಲಿ ಶ್ವಾಸಕೋಶದ ರೋಗ ಕಂಡುಬಂತು, ಅನೇಕ ಗರ್ಭಗಳು ಉಳಿಯಲಿಲ್ಲ. ಬ್ರಿಟನ್ನಿನಲ್ಲಿ ಬಿಪಿ ಷೇರು ಇಟ್ಟುಕೊಂಡಿದ್ದ ಪಿಂಚಣಿ ನಿಧಿಗಳಿಗೂ ಡಿವಿಡೆಂಡ್ ನಿಂತಿತು. ಮೇ ಕೊನೆಗೆ, ಬಿಪಿ ಮುಖ್ಯಸ್ಥ ಟೋನಿ ಹೇವರ್ಡ್ ಕ್ಯಾಮೆರಾದ ಮುಂದೆ ತನಗೆ ತನ್ನ ಬದುಕು ವಾಪಸ್ ಬೇಕು ಅಂದರು. ಆಗ 11 ಮನೆಗಳಲ್ಲಿ ದೇಹವೂ ಸಿಗದೆ ಅಂತ್ಯಕ್ರಿಯೆ ಮುಗಿಸಿದ್ದರು.

2012ರಲ್ಲಿ ಬಿಪಿ ಆ 11 ಸಾವುಗಳಿಗೆ ಸಂಬಂಧಿಸಿದ ಕ್ರಿಮಿನಲ್ ಆರೋಪಗಳನ್ನೂ, ಸಂಸತ್ತಿನ ತನಿಖೆಗೆ ಅಡ್ಡಿ ಮಾಡಿದ ಆರೋಪವನ್ನೂ ಒಪ್ಪಿಕೊಂಡಿತು. 2014ರಲ್ಲಿ ನ್ಯಾಯಾಧೀಶ ಕಾರ್ಲ್ ಬಾರ್ಬಿಯೆ ತಪ್ಪನ್ನು ಹಂಚಿದರು: ಬಿಪಿ 67%, ಟ್ರಾನ್ಸ್‌ಓಷನ್ 30%, ಹಾಲಿಬರ್ಟನ್ 3%. ಬಿಪಿಗೆ ಒಟ್ಟು ಬಿದ್ದ ಖರ್ಚು 65 ಬಿಲಿಯನ್ ಡಾಲರ್ ಆಸುಪಾಸು. ಒಬ್ಬರೂ ಜೈಲಿಗೆ ಹೋಗಲಿಲ್ಲ.

ಸತ್ತವರ ಮನೆಯವರಿಗೆ ಅಡ್ಡ ಬಂದಿದ್ದು 1920ರ ಒಂದು ಕಾನೂನು. ದೂರ ಸಮುದ್ರದಲ್ಲಿ ಸತ್ತ ಕೆಲಸಗಾರನ ಕುಟುಂಬ ಅವನ ದುಡಿಮೆಯ ನಷ್ಟವನ್ನಷ್ಟೇ ಕೇಳಬಹುದು. ಗಂಡ ಇಲ್ಲದ, ಅಪ್ಪ ಇಲ್ಲದ ನೋವಿಗೆ ಬೆಲೆ ಕೇಳೋ ಹಾಗಿಲ್ಲ. ಆ ಮನೆಗಳವರು ವಾಷಿಂಗ್ಟನ್‌ಗೆ ಹೋಗಿ ಸಾಕ್ಷಿ ಹೇಳಿದರು. 2010ರ ಜುಲೈನಲ್ಲಿ ಕೆಳಮನೆ ತಿದ್ದುಪಡಿ ಪಾಸು ಮಾಡಿತು. ಸೆನೆಟ್ ಮಾಡಲಿಲ್ಲ.

[ದೃಶ್ಯ: ಖಾಲಿ ಸಮುದ್ರ.]

2011ರ ಏಪ್ರಿಲ್. ದುರಂತಕ್ಕೆ ಒಂದು ವರ್ಷ ತುಂಬುವ ತಿಂಗಳು. ಟ್ರಾನ್ಸ್‌ಓಷನ್ ಷೇರುದಾರರಿಗೆ ಒಂದು ದಾಖಲೆ ಸಲ್ಲಿಸಿತು. ಗಾಯಗಳ ಪ್ರಮಾಣದ ಲೆಕ್ಕದಲ್ಲಿ ನೋಡಿದರೆ 2010 ಕಂಪನಿಯ ಇತಿಹಾಸದಲ್ಲೇ ಸುರಕ್ಷತೆಯ ಅತ್ಯುತ್ತಮ ವರ್ಷ ಅಂತ ಅದರಲ್ಲಿತ್ತು. ಆ ಲೆಕ್ಕದ ಮೇಲೆ ಹಿರಿಯ ಅಧಿಕಾರಿಗಳಿಗೆ ಸುರಕ್ಷತಾ ಬೋನಸ್ ಮಂಜೂರಾಗಿತ್ತು. ಜನ ಸಿಟ್ಟಿಗೆದ್ದ ಮೇಲೆ ಐದು ಅಧಿಕಾರಿಗಳು ಆ ಹಣವನ್ನು, ಎರಡೂವರೆ ಲಕ್ಷ ಡಾಲರ್‌ಗೂ ಹೆಚ್ಚು, ಸತ್ತ 11 ಜನರ ಕುಟುಂಬಗಳ ನಿಧಿಗೆ ಕೊಟ್ಟರು.