ಟಾರ್ಚ್ ಬೆಳಕಿನಲ್ಲಿ ‘ಲೂಸಿಯಾ’

ಕೇಳುಗರಿಗೆ ನಮಸ್ಕಾರ.

ನನ್ನ ಚಿಕ್ಕಪ್ಪ 26 ವರ್ಷ ಟಾರ್ಚ್ ಬಿಟ್ಟವರು. ಅಂದರೆ ಅರಸೀಕೆರೆಯ ಒಂದು ಟಾಕೀಸಿನಲ್ಲಿ ಗೇಟ್ ಕೀಪರ್ ಆಗಿದ್ದರು. ಟಿಕೆಟ್ ಹರಿಯುವುದು, ಬಾಗಿಲಿನ ಪರದೆ ಎಳೆಯುವುದು, ತಡವಾಗಿ ಬಂದವರಿಗೆ ಕತ್ತಲಲ್ಲಿ ಸೀಟು ತೋರಿಸುವುದು ಅವರ ಕೆಲಸ. ಅವರಿಗೆ ಒಂದು ನಿಯಮವಿತ್ತು. ಬೆಳಕು ನೆಲಕ್ಕೆ ಬೀಳಬೇಕು, ಯಾರ ಮುಖಕ್ಕೂ ಬೀಳಬಾರದು. ‘ಯಾರ ಪಕ್ಕ ಯಾರು ಕೂತಿದ್ದಾರೆ ಅನ್ನೋದು ನಮಗ್ಯಾಕೆ ಕಣೋ’ ಅನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಪುಕ್ಕಟೆ ಕೂತು ನೋಡಿದ ಸಿನಿಮಾಗಳಿಗೆ ಲೆಕ್ಕವಿಲ್ಲ. ಆದರೆ ಟಾರ್ಚ್ ಬಿಡುವವನೇ ನಾಯಕನಾದ ಸಿನಿಮಾ ಮಾತ್ರ ನನ್ನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಅಂಥದ್ದೊಂದು ಬಂದಾಗ ನನ್ನ ತಲೆಕೂದಲು ನರೆತಿತ್ತು.

ಆ ಸಿನಿಮಾ ‘ಲೂಸಿಯಾ’. ಪವನ್ ಕುಮಾರ್ ಬರೆದು ನಿರ್ದೇಶಿಸಿದ್ದು. 2013ರ ಸೆಪ್ಟೆಂಬರ್ 6ರಂದು ಬಿಡುಗಡೆಯಾಯಿತು. ನಾನು ಮಾರನೇ ದಿನ ಬೆಂಗಳೂರಿನಲ್ಲಿ ಹೆಂಡತಿ ಜೊತೆ ಹೋಗಿ ನೋಡಿದೆ. ಹೊರಗೆ ಬಂದ ಮೇಲೆ ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತು ಜಗಳವಾಡಿದೆವು. ಅವಳು ಹೇಳಿದ ಕಥೆಯೇ ಬೇರೆ, ನಾನು ನೋಡಿದ ಕಥೆಯೇ ಬೇರೆ. ಎರಡು ಬಸ್ಸು ಹೋದವು. ಕೊನೆಗೆ ಭಾನುವಾರ ಇನ್ನೊಂದು ಸಲ ಹೋದೆವು. ದುಡ್ಡು ದಂಡ ಅನ್ನಿಸಲಿಲ್ಲ.

ಕಥೆ ಇಷ್ಟು. ನಿಕ್ಕಿ ಎಂಬ ಹುಡುಗ ಶಂಕರಣ್ಣನ ಹಳೆಯ ಥಿಯೇಟರಿನಲ್ಲಿ ಟಾರ್ಚ್ ಬಿಡುತ್ತಾನೆ. ರಾತ್ರಿ ನಿದ್ದೆ ಬರುವುದಿಲ್ಲ. ಎಷ್ಟು ಹೊರಳಾಡಿದರೂ ಬರುವುದಿಲ್ಲ. ಹಾಗೆ ಅಲೆಯುವಾಗ ಯಾರೋ ಒಂದು ಮಾತ್ರೆ ಕೊಡುತ್ತಾರೆ. ಅದರ ಹೆಸರು ಲೂಸಿಯಾ. ನುಂಗಿ ಮಲಗಿದರೆ ನಿದ್ದೆ ಬರುತ್ತದೆ, ನಿದ್ದೆಯಲ್ಲಿ ಬೇಕಾದ ಬದುಕಿನ ಕನಸು ಬೀಳುತ್ತದೆ. ಇವತ್ತು ನಿಂತ ಕನಸು ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ, ಧಾರಾವಾಹಿ ಥರ. ಮಾತ್ರೆ ಬಿಟ್ಟರೆ ಮಾತ್ರ ಗ್ರಹಚಾರ. ನಿಕ್ಕಿಗೆ ಬೀಳುವ ಕನಸಿನಲ್ಲಿ ಅವನು ನಿಖಿಲ್, ದೊಡ್ಡ ಸಿನಿಮಾ ಹೀರೋ. ಥಿಯೇಟರ್ ಮಾಲೀಕ ಶಂಕರಣ್ಣ ಅಲ್ಲಿ ಅವನ ಮ್ಯಾನೇಜರ್. ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುವ ಶ್ವೇತಾ ಅಲ್ಲಿ ಮಾಡೆಲ್. ಇಲ್ಲಿ ಥಿಯೇಟರಿನ ಮೇಲೆ ಕಣ್ಣು ಹಾಕಿದ ರೌಡಿಗಳಿದ್ದಾರೆ, ಅಲ್ಲಿ ಫೋನ್ ಮಾಡಿ ಬೆದರಿಸುವವರಿದ್ದಾರೆ. ಇದೆಲ್ಲದರ ಹೊರಗೆ ಇನ್ನೊಂದು ಎಳೆ. ಆಸ್ಪತ್ರೆಯ ಮಂಚದ ಮೇಲೆ ನಮ್ಮ ಹುಡುಗ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ಇದು ಹೇಗಾಯಿತು ಅಂತ ಪೊಲೀಸರು ಜಾಡು ಹಿಡಿದು ಹೊರಟಿದ್ದಾರೆ.

ಎರಡು ಬದುಕು ಗೊಂದಲ ಆಗದಿರಲಿ ಅಂತ ನಿರ್ದೇಶಕರು ಒಂದು ಗುರುತು ಇಟ್ಟಿದ್ದಾರೆ. ಟಾರ್ಚ್ ಹುಡುಗನ ಬದುಕೆಲ್ಲ ಬಣ್ಣದಲ್ಲಿದೆ. ಹೀರೋ ಬದುಕೆಲ್ಲ ಕಪ್ಪು ಬಿಳುಪು. ನೋಡುವವರಿಗೆ ಸಲೀಸು. ಕಪ್ಪು ಬಿಳುಪು ಬಂತು, ಸರಿ, ಕನಸು ಶುರು ಅಂತ ನಾವು ಕಾಲು ಚಾಚಿ ಕೂರುತ್ತೇವೆ.

ಈಗ ಒಂದು ವಿನಂತಿ. ಈ ಸಿನಿಮಾ ಇನ್ನೂ ನೋಡದವರು ದಯವಿಟ್ಟು ರೇಡಿಯೋ ಸದ್ದು ಸ್ವಲ್ಪ ಹೊತ್ತು ಕಮ್ಮಿ ಮಾಡಿ. ಒಲೆ ಮೇಲೆ ಹಾಲಿಟ್ಟಿದ್ದರೆ ನೋಡಿಕೊಂಡು ಬನ್ನಿ. ಗುಟ್ಟು ಹೇಳದೆ ಈ ಸಿನಿಮಾದ ಬಗ್ಗೆ ಮಾತಾಡುವುದು ನನ್ನಿಂದ ಆಗುವುದಿಲ್ಲ.

ಹೋದರಾ? ಸರಿ. ಕೊನೆಗೆ ತಿಳಿಯುವುದು ಇದು: ಹೀರೋ ನಿಖಿಲನೇ ನಿಜ. ಟಾರ್ಚ್ ಬಿಡುವ ನಿಕ್ಕಿ ಅವನ ಕನಸು. ಹೆಸರು, ದುಡ್ಡು, ಜನರ ಕಣ್ಣು, ಎಲ್ಲ ಸಾಕಾಗಿ ಹೋದ ಒಬ್ಬ ನಟ ಮಾತ್ರೆ ನುಂಗಿ ಮಲಗುತ್ತಾನೆ. ಅವನಿಗೆ ಬೇಕಾದ ಬದುಕು ಯಾವುದು? ಕೆಲಸಕ್ಕೆ ಹೋಗಿ ಬರುವುದು, ಇಷ್ಟಪಟ್ಟ ಹುಡುಗಿಯ ಹಿಂದೆ ಹೆದರಿ ಹೆದರಿ ಅಲೆಯುವುದು, ರಸ್ತೆಯಲ್ಲಿ ಯಾರೂ ತಿರುಗಿ ನೋಡದ ಹಾಗೆ ನಡೆಯುವುದು. ಅದಕ್ಕೇ ಅದಕ್ಕೆ ಬಣ್ಣ.

ನನಗೆ ಕೋಪ ಬಂದಿದ್ದು ಇಲ್ಲಿ. ನಿರ್ದೇಶಕರ ಮೇಲಲ್ಲ, ನನ್ನ ಮೇಲೇ. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಗುಟ್ಟನ್ನು ಮೊದಲ ದೃಶ್ಯದಿಂದಲೇ ಪರದೆ ತುಂಬ ಬಳಿದಿದ್ದರು. ಹಾಗಾದರೆ ನನಗ್ಯಾಕೆ ಕಾಣಲಿಲ್ಲ? ಟಾರ್ಚ್ ಬಿಡುವ ಬದುಕನ್ನು ಯಾರಾದರೂ ಕನಸು ಕಾಣುತ್ತಾರಾ ಅಂತ ನನ್ನೊಳಗೇ ಕೂತಿತ್ತಲ್ಲ, ಅದಕ್ಕೆ. ಕನಸಿನಲ್ಲಿ ಕಂಡ ಭತ್ತಕ್ಕೆ ಗೋಣಿ ಒಡ್ಡಿದ ಹಾಗೆ ಅನ್ನುವ ಗಾದೆ ಇದೆಯಲ್ಲ. ಕನಸಿನಲ್ಲಿ ಭತ್ತವೇ ಬರಬೇಕು, ಅದೂ ರಾಶಿ ರಾಶಿ ಬರಬೇಕು ಅಂತ ನಾವು ಅಂದುಕೊಂಡಿದ್ದೇವೆ. ಈ ಹೀರೋ ನೋಡಿದರೆ ಖಾಲಿ ಗೋಣಿಯನ್ನೇ ಕನಸು ಕಂಡಿದ್ದಾನೆ! ನಮ್ಮ ಚಿಕ್ಕಪ್ಪನ ಕೆಲಸದ ಬಗ್ಗೆ ಶಾಲೆಯಲ್ಲಿ ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು. ಅದು ಸಿನಿಮಾ ಮುಗಿದ ಮೇಲೆ ನೆನಪಾಯಿತು.

ಕಪ್ಪು ಬಿಳುಪಿನ ಕನಸು ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. 2008ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಿಂದ ಒಂದು ಅಧ್ಯಯನ ಬಂತು. ಕಪ್ಪು ಬಿಳುಪು ಟಿವಿ, ಸಿನಿಮಾ ನೋಡಿ ಬೆಳೆದ ಹಿರಿಯರು ತಮಗೆ ಕಪ್ಪು ಬಿಳುಪಿನ ಕನಸು ಬೀಳುವುದು ಉಂಟು ಅಂದರಂತೆ. ಬಣ್ಣದ ಟಿವಿ ಕಾಲದ ಹುಡುಗರಿಗೆ ಅಂಥ ಕನಸು ತೀರಾ ಅಪರೂಪ. ನಮ್ಮಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿದ್ದೇ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ಹಾಗಾಗಿ ಕಪ್ಪು ಬಿಳುಪು ಕಂಡರೆ ಕನಸು ಅಂದುಕೊಂಡಿದ್ದು ನಮ್ಮ ವಯಸ್ಸಿನವರ ತಪ್ಪಲ್ಲ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಸಿನಿಮಾದ ಹೆಸರಿಗೂ ಇಂಥದ್ದೇ ಒಂದು ಹಿನ್ನೆಲೆ ಇದೆ. ಕನಸು ಕಾಣುವಾಗಲೇ ಇದು ಕನಸು ಅಂತ ಗೊತ್ತಾಗುವುದಕ್ಕೆ ಇಂಗ್ಲಿಷಿನಲ್ಲಿ ಲೂಸಿಡ್ ಡ್ರೀಮ್ ಅನ್ನುತ್ತಾರೆ. ಡಚ್ ಲೇಖಕ, ವೈದ್ಯ ಫ್ರೆಡರಿಕ್ ವಾನ್ ಈಡನ್ ಈ ಹೆಸರನ್ನು 1913ರಲ್ಲಿ ಬಳಕೆಗೆ ತಂದರು. ಸಿನಿಮಾ ಬರುವುದಕ್ಕೆ ಸರಿಯಾಗಿ 100 ವರ್ಷ ಮೊದಲು. ಆದರೆ ಇದು ನಿಜ ಅಂತ ತೋರಿಸುವುದು ಹೇಗೆ? ಮಲಗಿದವನು ‘ನಾನು ಈಗ ಕನಸಿನಲ್ಲಿದ್ದೇನೆ’ ಅಂತ ಎದ್ದು ಹೇಳಿದರೆ ಕನಸೇ ಮುಗಿಯಿತಲ್ಲ! ಕನಸು ಬೀಳುವ ನಿದ್ದೆಯಲ್ಲಿ ಕೈಕಾಲು ಹೆಚ್ಚುಕಮ್ಮಿ ಕಟ್ಟಿಹಾಕಿದ ಹಾಗಿರುತ್ತದೆ. ಕಣ್ಣುಗುಡ್ಡೆ ಮಾತ್ರ ಓಡಾಡುತ್ತಿರುತ್ತದೆ. 1975ರಲ್ಲಿ ಇಂಗ್ಲೆಂಡಿನ ಹಲ್ ಊರಿನಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಇದನ್ನೇ ಬಳಸಿಕೊಂಡರು. ಕನಸು ಅಂತ ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಇಷ್ಟು ಸಲ ಆಡಿಸು ಅಂತ ಮಲಗುವವನಿಗೆ ಮೊದಲೇ ಹೇಳಿದ್ದರು. ಅವನು ನಿದ್ದೆಯಲ್ಲೇ ಹಾಗೆ ಮಾಡಿದ. ಯಂತ್ರದ ಕಾಗದದ ಮೇಲೆ ಗೆರೆ ಮೂಡಿತು. ಕತ್ತಲಲ್ಲಿ ಕೂತವನು ಟಾರ್ಚ್ ಆಡಿಸಿ ‘ಇಲ್ಲಿದ್ದೇನೆ’ ಅಂದ ಹಾಗೆ, ಅಲ್ವಾ?

ಈ ಸಿನಿಮಾವನ್ನು ಜನ ಥ್ರಿಲ್ಲರ್ ಅಂತಾರೆ. ಸರಿಯೇ. ಆದರೆ ನನ್ನನ್ನು ಸೀಟಿನ ತುದಿಗೆ ಕೂರಿಸಿದ್ದು ಪ್ರೀತಿಯ ಕಥೆ. ಪೊಲೀಸರು ಬರುವ ಭಾಗ ನನಗೆ ಅಷ್ಟೇನೂ ಹಿಡಿಸಲಿಲ್ಲ. ಮಾತ್ರೆ ಮಾರುವವರ ಜಾಡು ಹಿಡಿಯುವ ದೃಶ್ಯಗಳಲ್ಲಿ ಕಥೆ ಏದುಸಿರು ಬಿಡುತ್ತದೆ. ಬೇಗ ಮುಗಿಸಿ ನಿಕ್ಕಿ ಹತ್ತಿರ ಕರೆದುಕೊಂಡು ಹೋಗ್ರಪ್ಪಾ ಅನ್ನಿಸುತ್ತದೆ.

ಯಾಕೆ ಅಂದರೆ ನಿಕ್ಕಿ, ಶ್ವೇತಾ ಇಬ್ಬರೂ ನಮಗೆ ಗೊತ್ತಿರುವವರ ಹಾಗಿದ್ದಾರೆ. ಅವಳಿಗೆ ಅವನು ಇಷ್ಟ. ಆದರೆ ಅವನ ಕೆಲಸ ಇಷ್ಟವಿಲ್ಲ. ಟಾರ್ಚ್ ಬಿಡ್ತಾನೆ ಅಂತ ಮನೆಯಲ್ಲಿ ಹೇಗೆ ಹೇಳುವುದು? ಸ್ವಲ್ಪ ಇಂಗ್ಲಿಷ್ ಕಲಿತುಕೋ ಅನ್ನುತ್ತಾಳೆ. ತಾನು ದುಡಿಯುವ ಪಿಜ್ಜಾ ಅಂಗಡಿಗೇ ಅವನನ್ನು ಸೇರಿಸುತ್ತಾಳೆ. ಅಲ್ಲಿ ಯೂನಿಫಾರಂ ಹಾಕಿಕೊಂಡು ನಿಂತ ನಿಕ್ಕಿಯನ್ನು ನೋಡಬೇಕು. ನಾಲಿಗೆ ಹೊರಳುವುದಿಲ್ಲ, ಬೆವರು ಇಳಿಯುತ್ತದೆ. ಥಿಯೇಟರಿನ ಕತ್ತಲಲ್ಲಿ ಬೆಕ್ಕಿನ ಹಾಗೆ ಓಡಾಡುತ್ತಿದ್ದ ಹುಡುಗ ಆ ಟ್ಯೂಬ್‌ಲೈಟ್ ಬೆಳಕಿನಲ್ಲಿ ದಾರಿ ತಪ್ಪಿದವನ ಹಾಗೆ ಕಾಣುತ್ತಾನೆ. ಅವಳು ಕೆಟ್ಟವಳಲ್ಲ. ಅವನ ಒಳ್ಳೆಯದಕ್ಕೇ ಮಾಡುತ್ತಿದ್ದಾಳೆ. ಅದಕ್ಕೇ ಜಾಸ್ತಿ ನೋಯುತ್ತದೆ.

ಕಪ್ಪು ಬಿಳುಪಿನ ಕಡೆಗೆ ಬಂದರೆ ಲೆಕ್ಕ ತಿರುಗುಮುರುಗು. ಅಲ್ಲಿ ಅವನು ಮೇಲೆ, ಅವಳು ಕೆಳಗೆ. ಅಲ್ಲಿಯೂ ಕೆಲಸವೇ ಇಬ್ಬರ ನಡುವೆ ಬಂದು ಕೂರುತ್ತದೆ. ಕೊಲೆಗಾರ ಯಾರು ಅಂತ ಹುಡುಕುವ ಸಿನಿಮಾಗಳನ್ನು ಬೇಕಾದಷ್ಟು ನೋಡಿದ್ದೇವೆ. ಇಲ್ಲಿ ಎರಡು ಲೋಕ ತಿರುಗಿದರೂ ಒಂದು ಜೋಡಿ ಒಟ್ಟಿಗೆ ಬಾಳಲು ಆಗುತ್ತಿಲ್ಲವಲ್ಲ, ಯಾಕೆ? ನನಗೆ ಆ ಪ್ರಶ್ನೆಯೇ ದೊಡ್ಡ ಪತ್ತೇದಾರಿ ಅನ್ನಿಸಿತು. ಅದನ್ನು ಯಾವ ಪೊಲೀಸರೂ ಬಿಡಿಸುವುದಿಲ್ಲ.

ನಿಕ್ಕಿಯಾಗಿ, ನಿಖಿಲನಾಗಿ ಸತೀಶ್ ನೀನಾಸಂ ಮಾಡಿದ್ದಾರೆ. ಹೆಸರೇ ಹೇಳುತ್ತದೆ, ಸಾಗರ ತಾಲೂಕಿನ ಹೆಗ್ಗೋಡಿನ ನೀನಾಸಂನಲ್ಲಿ ರಂಗಭೂಮಿ ಕಲಿತವರು. ಕೆ.ವಿ. ಸುಬ್ಬಣ್ಣನವರು ಕಟ್ಟಿದ ಸಂಸ್ಥೆ ಅದು. ಸತೀಶ್ ಅಲ್ಲಿಯವರೆಗೆ ಚಿಕ್ಕ ಪುಟ್ಟ ಪಾತ್ರಗಳಲ್ಲೇ ಹೆಚ್ಚು ಕಂಡಿದ್ದವರು. ಎರಡು ಬದುಕಿಗೂ ಅವರು ನಡಿಗೆಯನ್ನೇ ಬದಲಾಯಿಸಿದ್ದಾರೆ ನೋಡಿ. ನಿಕ್ಕಿ ಜಾಗ ಬಿಟ್ಟುಕೊಡುತ್ತ ನಡೆಯುತ್ತಾನೆ, ನಿಖಿಲ್ ಜಾಗ ತಗೊಂಡು ನಡೆಯುತ್ತಾನೆ. ಶ್ರುತಿ ಹರಿಹರನ್ ಶ್ವೇತಾ. ಶಂಕರಣ್ಣನಾಗಿ ಅಚ್ಯುತ್ ಕುಮಾರ್. ಖಾಲಿ ಥಿಯೇಟರನ್ನು ಅವರು ನೋಡುವ ನೋಟ, ಬರಗಾಲದಲ್ಲಿ ಹೊಲದ ಬದುವಿನ ಮೇಲೆ ನಿಂತ ರೈತನ ನೋಟ. ಪೂರ್ಣಚಂದ್ರ ತೇಜಸ್ವಿ ಅವರ ಹಾಡುಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. ಆಟೋಗಳಲ್ಲಿ ತಿಂಗಳುಗಟ್ಟಲೆ ಕೇಳಿದ್ದೀರಿ.

ಇನ್ನು ದುಡ್ಡಿನ ಕಥೆ. ಈ ಕಥೆಗೆ ನಿರ್ಮಾಪಕರು ಸಿಗಲಿಲ್ಲ. ಪವನ್ ಕುಮಾರ್ ತಮ್ಮ ಕಷ್ಟವನ್ನು ಅಂತರ್ಜಾಲದಲ್ಲಿ ಬರೆದುಕೊಂಡರು. ಓದಿದವರು ನಾವು ಕೊಡ್ತೀವಿ ಅಂದರು. 27 ದಿನದಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಸೇರಿತು. ನಮ್ಮೂರಿನಲ್ಲಿ ದೇವಸ್ಥಾನದ ತೇರಿಗೆ ಚಂದಾ ಎತ್ತುವುದು ಗೊತ್ತಿತ್ತು, ಸಿನಿಮಾಕ್ಕೆ ಎತ್ತಿದ್ದು ಗೊತ್ತಿರಲಿಲ್ಲ. ದೊಡ್ಡ ಕ್ಯಾಮೆರಾಕ್ಕೆ ಹೋಗದೆ, ಫೋಟೋಗ್ರಾಫರುಗಳು ಬಳಸುವಂಥ ಕ್ಯಾಮೆರಾದಲ್ಲೇ ಚಿತ್ರ ತೆಗೆದರು. ಬಿಡುಗಡೆಗೆ ಮೊದಲೇ 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ತೋರಿಸಿದರು. ಅಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು. ಪ್ರೇಕ್ಷಕರೇ ದುಡ್ಡು ಹಾಕಿ, ಪ್ರೇಕ್ಷಕರೇ ಪ್ರಶಸ್ತಿ ಕೊಟ್ಟ ಹಾಗಾಯಿತು. 2015ರಲ್ಲಿ ತಮಿಳಿಗೂ ಹೋಯಿತು. ಅಲ್ಲಿ ಸಿದ್ಧಾರ್ಥ್ ನಾಯಕ.

ಶಂಕರಣ್ಣನ ಥಿಯೇಟರ್ ಅಂದೆ. ಅಂಥವು ಈಗ ಎಷ್ಟು ಉಳಿದಿವೆ ಹೇಳಿ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಅಂತ ಇಡೀ ಬಡಾವಣೆಯನ್ನು ಕರೆಯುತ್ತೇವೆ. ಆ ಹೆಸರು ಕೊಟ್ಟ ಥಿಯೇಟರೇ ಇಲ್ಲ. ಅಷ್ಟು ದೊಡ್ಡ ಕಪಾಲಿ 2017ರಲ್ಲಿ ಮುಚ್ಚಿತು. ಚಿಕ್ಕಪ್ಪನ ಟಾಕೀಸು ಅದಕ್ಕೂ ಎಷ್ಟೋ ಮೊದಲೇ ಕಲ್ಯಾಣಮಂಟಪ ಆಯಿತು. ಕೊನೆಯ ಮೂರು ತಿಂಗಳ ಸಂಬಳ ಬರಲಿಲ್ಲ. ಟಾರ್ಚ್ ಮಾತ್ರ ಅವರ ಹತ್ತಿರವೇ ಉಳಿಯಿತು. ಮೂರು ಶೆಲ್ಲಿನದು, ಉದ್ದನೆಯದು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವರಿಗೆ ‘ಲೂಸಿಯಾ’ ತೋರಿಸಿದೆ, ನನ್ನ ಫೋನಿನಲ್ಲಿ. ಫೋನನ್ನು ಚೊಂಬಿಗೆ ಒರಗಿಸಿ ಇಟ್ಟೆ. ಅವರು ಗೋಡೆಗೆ ಒರಗಿ ಕೂತರು. ಮೊದಲ ಹತ್ತು ನಿಮಿಷದಲ್ಲೇ ಒಂದು ತಕರಾರು ಬಂತು. ‘ಟಾರ್ಚ್ ಹಿಡಿಯೋದು ಹಾಗಲ್ಲ ಕಣೋ. ಬೆರಳಿನ ಸಂದಿಯಿಂದ ಬಿಡಬೇಕು. ಇಲ್ಲದಿದ್ರೆ ಬಾಲ್ಕನಿಯವರು ಬೈತಾರೆ.’ ಆಮೇಲೆ ಮಾತಿಲ್ಲ. ಇಂಟರ್ವಲ್‌ನಲ್ಲಿ ಅಭ್ಯಾಸಬಲಕ್ಕೆ ಎದ್ದು ಹೋಗಿ ಬಾಗಿಲು ತೆಗೆದರು. ಚಿಕ್ಕಮ್ಮ ಕಾಫಿ ತಂದುಕೊಟ್ಟರು.

ಮುಗಿದ ಮೇಲೆ ನಾನು ಕೇಳಿದೆ, ‘ಚಿಕ್ಕಪ್ಪ, ನಿಮಗೆ ಥಿಯೇಟರಿನ ಕನಸು ಬೀಳುತ್ತಾ?’

‘ಬೀಳದೆ ಏನು. ಹೌಸ್‌ಫುಲ್ ಆಗಿರುತ್ತೆ. ಯಾರೋ ಮಗು ಎತ್ತಿಕೊಂಡು ತಡವಾಗಿ ಬಂದಿರ್ತಾರೆ. ಸೀಟು ಹುಡುಕ್ತಾ ಇರ್ತೀನಿ.’

‘ಕಪ್ಪು ಬಿಳುಪಾ, ಬಣ್ಣಾನಾ?’

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಅದೆಲ್ಲ ನೋಡಿಲ್ಲ ಕಣೋ. ಟಾರ್ಚ್ ಬಿದ್ದಷ್ಟು ಜಾಗ ಕಾಣುತ್ತೆ. ಮೆಟ್ಟಿಲು, ಅವರ ಕಾಲು. ಅಷ್ಟೇ.’

ನಮಸ್ಕಾರ.